ಹಳೇ ನ್ಯಾರೋಬೋಟ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಬ್ರಿಟನ್ನಿಗೆ ಬಂದ ಹೊಸದರಲ್ಲಿ ಮನೆ ಬಾಡಿಗೆ ಕೇಳಿ ಕಂಗಾಲಾದವರ ಕಣ್ಣಿಗೆ ಬರ್ಮಿಂಗ್‌ಹ್ಯಾಮ್, ಮಿಲ್ಟನ್ ಕೀನ್ಸ್, ಲಂಡನ್ನಿನ ಕಾಲುವೆ ದಂಡೆಗೆ ಸಾಲಾಗಿ ಕಟ್ಟಿದ ಉದ್ದನೆಯ, ಕಿರಿದಾದ ದೋಣಿಗಳು, ಅಂದರೆ ನ್ಯಾರೋಬೋಟುಗಳು, ಬಿದ್ದೇ ಬೀಳುತ್ತವೆ. ಇದನ್ನೇ ಒಂದು ಕೊಂಡರಾಯಿತಲ್ಲ ಅನಿಸುತ್ತದೆ. ಕೊಳ್ಳಬಹುದು. ಆದರೆ ಜಾಹೀರಾತಿನ ಫೋಟೊದಲ್ಲಿ ಕಾಣುವುದು ಓಕ್ ಮರದ ಅಡುಗೆಮನೆ, ಹೊಸ ಸೋಫಾ, ಒಲೆಯಲ್ಲಿ ಉರಿಯುವ ಬೆಂಕಿ. ನೀವು ದುಡ್ಡು ಸುರಿಯುವುದು ಫೋಟೊದಲ್ಲಿ ಕಾಣದ, ನೀರಿನೊಳಗಿರುವ ಉಕ್ಕಿಗೆ. ಅಡುಗೆಮನೆ ಹಾಳಾದರೆ ಒಬ್ಬ ಬಡಗಿ ಸಾಕು. ತಳ ಹಾಳಾದರೆ ದೋಣಿಯೇ ಹೋದಂತೆ.

ಒಂದು ವರ್ಷದ ಎಂಎಸ್ಸಿಗೆ ಬಂದವರು ಈ ಸಹವಾಸಕ್ಕೆ ಹೋಗಬೇಡಿ. ಕೊಳ್ಳಲು ಎರಡು ತಿಂಗಳು, ಮಾರಲು ಅದಕ್ಕಿಂತ ಹೆಚ್ಚು, ನಡುವೆ ಒಂದು ಚಳಿಗಾಲ, ಲೆಕ್ಕ ಕೂಡುವುದಿಲ್ಲ. ದೋಣಿಗೆ ಬ್ಯಾಂಕುಗಳು ಗೃಹಸಾಲ ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಯಾವ ಅಳತೆ?

ನ್ಯಾರೋಬೋಟಿನ ಅಗಲ 6 ಅಡಿ 10 ಇಂಚು, ಏಕೆಂದರೆ ಮಧ್ಯ ಇಂಗ್ಲೆಂಡಿನಲ್ಲಿ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲುಳ್ಳ ತೊಟ್ಟಿಗಳಾದ ಹಳೆಯ ಲಾಕ್‌ಗಳು ಸುಮಾರು 7 ಅಡಿ ಅಗಲ. ಉದ್ದ 70 ಅಡಿಯ ಮೇಲೂ ಸಿಗುತ್ತದೆ. ಆದರೆ ಉತ್ತರದ ಕೆಲವು ಕಾಲುವೆಗಳ ಲಾಕ್‌ಗಳು ಗಿಡ್ಡ. 57 ಅಡಿಯ ದೋಣಿ ಹೆಚ್ಚುಕಡಿಮೆ ಎಲ್ಲ ಕಡೆ ಹೋಗುತ್ತದೆ, ಮುಂದೆ ಮಾರಲೂ ಸುಲಭ. ಇಬ್ಬರಿಗೆ ಅಷ್ಟು ಸಾಕು.

ಕಾಗದಪತ್ರ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಕಾಲುವೆಗಳು ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ಕೈಯಲ್ಲಿವೆ. ಥೇಮ್ಸ್ ನದಿಯಲ್ಲಿ ಸಮುದ್ರದ ಉಬ್ಬರ ತಲುಪದ ಮೇಲಿನ ಭಾಗ ಎನ್ವಿರಾನ್ಮೆಂಟ್ ಏಜೆನ್ಸಿಗೆ ಸೇರಿದ್ದು, ಅದರ ನೋಂದಣಿ ಬೇರೆ. ಟ್ರಸ್ಟ್‌ನ ಲೈಸೆನ್ಸ್‌ಗೆ ಮೂರು ಬೇಕು: ನಾಲ್ಕು ವರ್ಷಕ್ಕೊಮ್ಮೆ ಮಾಡಿಸುವ ಬೋಟ್ ಸೇಫ್ಟಿ ಸರ್ಟಿಫಿಕೇಟ್, ಥರ್ಡ್ ಪಾರ್ಟಿ ವಿಮೆ, ದೋಣಿ ಕಟ್ಟಲು ಸ್ವಂತ ಜಾಗ ಅಂದರೆ ಮೂರಿಂಗ್. ಮೂರಿಂಗ್ ಇಲ್ಲದಿದ್ದರೆ ಸದಾ ಸಂಚರಿಸುತ್ತೇನೆಂಬ ಘೋಷಣೆ. ಸೇಫ್ಟಿ ಸರ್ಟಿಫಿಕೇಟ್ ದೋಣಿಯ ಜೊತೆಗೇ ಬರುತ್ತದೆ. ಲೈಸೆನ್ಸ್ ಹಾಗಲ್ಲ, ಮಾರಿದವರದು ಅಲ್ಲಿಗೇ ಮುಗಿಯುತ್ತದೆ, ನೀವು ಹೊಸದಾಗಿ ಅರ್ಜಿ ಹಾಕಬೇಕು. 57 ಅಡಿಗೆ ವರ್ಷಕ್ಕೆ ಸಾವಿರ ಪೌಂಡಿಗಿಂತ ಹೆಚ್ಚೇ ಆಗುತ್ತದೆ. ಮೂರಿಂಗ್ ಇಲ್ಲದವರಿಗೆ 2024ರ ಏಪ್ರಿಲ್‌ನಿಂದ ಹೆಚ್ಚುವರಿ ಶುಲ್ಕವೂ ಇದೆ.

ಈ 'ಸದಾ ಸಂಚಾರ' ಎಂಬುದೇ ನಮ್ಮವರು ಎಡವುವ ಜಾಗ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ಪ್ರಕಾರ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಎರಡು ಸೇತುವೆಗಳ ನಡುವೆ ಹೋಗಿ ಬಂದು ಮಾಡಿದರೆ ಸಂಚಾರ ಎನಿಸುವುದಿಲ್ಲ. ವರ್ಷದಲ್ಲಿ ಓಡಾಡಿದ ವ್ಯಾಪ್ತಿ 15ರಿಂದ 20 ಮೈಲಿಗಿಂತ ಕಡಿಮೆಯಿದ್ದರೆ ಟ್ರಸ್ಟ್ ಪ್ರಶ್ನೆ ಎತ್ತುತ್ತದೆ. ಆಫೀಸು ಇಲ್ಲೇ ಇದೆ, ಮಗುವಿನ ಶಾಲೆ ಇಲ್ಲೇ ಇದೆ ಎಂಬ ಕಾರಣ ನಡೆಯದು. ಹಾಗಿದ್ದರೆ ಮೊದಲು ಮೂರಿಂಗ್ ಹುಡುಕಿ, ಆಮೇಲೆ ದೋಣಿ. ವಿಹಾರದ ದೋಣಿಗಳಿಗೆಂದೇ ಇರುವ ಲೀಷರ್ ಮೂರಿಂಗ್‌ನಲ್ಲಿ ಕಾಯಂ ವಾಸಕ್ಕೆ ಅನುಮತಿ ಇರುವುದಿಲ್ಲ, ಅಂಚೆ ವಿಳಾಸವೂ ಸಿಗುವುದಿಲ್ಲ. ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್, ಇ-ವೀಸಾ ಖಾತೆ ಎಲ್ಲಕ್ಕೂ ನಂಬಿಕಸ್ಥ ವಿಳಾಸ ಬೇಕು. ಸ್ಪಾನ್ಸರ್ ಮಾಡಿದ ಕಂಪನಿ ಅಥವಾ ವಿಶ್ವವಿದ್ಯಾಲಯಕ್ಕೂ ತಿಳಿಸಿರಬೇಕು. ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯರ ಬಳಿ ಹೆಸರು ಬರೆಸಲು ಮಾತ್ರ ವಿಳಾಸದ ಪುರಾವೆ ಕಡ್ಡಾಯವಲ್ಲ.

ಕಾರಿಗೆ ಇರುವಂಥ ಆರ್‌ಸಿ ಪುಸ್ತಕ ದೋಣಿಗೆ ಇಲ್ಲ. ಪಕ್ಕದ ಮೇಲೆ ಬರೆದ ನೋಂದಣಿ ಸಂಖ್ಯೆ ಮಾಲೀಕತ್ವದ ಪುರಾವೆಯಲ್ಲ. ಹಿಂದಿನ ಮಾರಾಟಗಳ ಬಿಲ್ ಆಫ್ ಸೇಲ್ ಸರಪಳಿಯನ್ನು ಕೇಳಿ, ಬಾಕಿ ಸಾಲವಿಲ್ಲ ಎಂಬುದನ್ನು ಬರೆಸಿಕೊಳ್ಳಿ. 1998ರ ಜೂನ್ 16ರ ನಂತರ ಕಟ್ಟಿದ ದೋಣಿಯಾದರೆ ಹಲ್ (ದೋಣಿಯ ಒಡಲು) ಗುರುತಿನ ಸಂಖ್ಯೆ, ತಯಾರಕರ ಘೋಷಣಾ ಪತ್ರ ಕೂಡ ಇರಬೇಕು.

ಉಕ್ಕು

ದೋಣಿಯ ಉಕ್ಕನ್ನು '10-6-4' ಎಂದು ಹೇಳುವುದು ವಾಡಿಕೆ: ಅಡಿತಟ್ಟೆ 10 ಮಿಲಿಮೀಟರ್, ಪಕ್ಕ 6, ಕ್ಯಾಬಿನ್ 4. ಹಳೆಯವು 6-5-4 ಅಥವಾ ಇನ್ನೂ ತೆಳುವಾಗಿರುತ್ತವೆ. ಸವೆದು 4 ಮಿಲಿಮೀಟರ್‌ಗಿಂತ ಕೆಳಗಿಳಿದ ಜಾಗವಿದ್ದರೆ ಎಷ್ಟೋ ವಿಮಾ ಕಂಪನಿಗಳು ತಕರಾರು ತೆಗೆಯುತ್ತವೆ. ಹೀಗಾಗಿ ಸರ್ವೆಗೆ ಒಳಪಟ್ಟು ಎಂಬ ಷರತ್ತಿನ ಮೇಲೆಯೇ ಮುಂಗಡ ಕೊಡಿ. ದೋಣಿಯನ್ನು ನೀರು ಖಾಲಿ ಮಾಡುವ ಕಟ್ಟೆಯಾದ ಡ್ರೈ ಡಾಕ್‌ಗೆ ತಂದು ಅಥವಾ ಕ್ರೇನಿನಲ್ಲಿ ಎತ್ತಿ, ಸರ್ವೆಯರ್ ಅಲ್ಟ್ರಾಸೌಂಡ್ ಮೀಟರ್‌ನಿಂದ ಉದ್ದಕ್ಕೂ ದಪ್ಪ ಅಳೆಯಬೇಕು. ಸರ್ವೆಯರ್ ನಿಮ್ಮ ಕಡೆಯವರಾಗಿರಲಿ. ಮಾರುವವರು ಹಳೆಯ ವರದಿ ತೋರಿಸಿ "ಮೂರು ವರ್ಷದ ಹಿಂದಷ್ಟೇ ಆಗಿದೆ" ಎಂದರೆ ನಕ್ಕು ಸುಮ್ಮನಾಗಿ.

ವರದಿಯಲ್ಲಿ ಸರಾಸರಿ ದಪ್ಪಕ್ಕಿಂತ ತುಕ್ಕು ತಿಂದ ಗುಳಿಗಳ ಆಳ ಮುಖ್ಯ. ನೀರಿನ ಗೆರೆಯ ಆಸುಪಾಸು, ಅಡಿತಟ್ಟೆಯ ಅಂಚು, ಪ್ರೊಪೆಲ್ಲರ್ ಪಕ್ಕ, ಈ ಮೂರು ಕಡೆ ಗುಳಿ ಜಾಸ್ತಿ. ತೆಳುವಾದ ಕಡೆ ಮೇಲೊಂದು ತಗಡು ಬೆಸೆಯುವ ಓವರ್‌ಪ್ಲೇಟಿಂಗ್ ಮಾಡಿದ್ದರೆ ತಪ್ಪೇನಿಲ್ಲ. ಆದರೆ ಟನ್‌ಗಟ್ಟಲೆ ತೂಕ ಏರಿ ದೋಣಿ ಕೆಳಗೆ ಕೂರುತ್ತದೆ, ಎಂಜಿನ್ ಗಾಳಿಕಿಂಡಿ, ಸಿಂಕಿನ ಹೊರತೂತುಗಳು ನೀರಿಗೆ ಹತ್ತಿರವಾಗುತ್ತವೆ. ಸಮತೋಲನಕ್ಕೆಂದು ತಳದಲ್ಲಿ ಇಟ್ಟಿರುವ ಭಾರದ (ಬ್ಯಾಲಸ್ಟ್) ಒಂದು ಭಾಗವನ್ನು ತೆಗೆದು ಸರಿದೂಗಿಸಿದ್ದಾರೆಯೇ ಕೇಳಿ.

ಇನ್ನು ಸರ್ವೆಯರ್ ಬರುವ ಮೊದಲೇ ನೀವೇ ನೋಡಬಹುದಾದ ಒಂದು ಜಾಗ: ಕ್ಯಾಬಿನ್ನಿನ ಹಿಂತುದಿಯ ಮೆಟ್ಟಿಲಡಿಯಲ್ಲಿರುವ ಸಣ್ಣ ಮುಚ್ಚಳ. ದೋಣಿ ಹಿಂಬದಿಗೆ ಸ್ವಲ್ಪ ತಗ್ಗಾಗಿರುವುದರಿಂದ ಕಿಟಕಿಯ ಸೋರಿಕೆ, ಸ್ನಾನದ ತಟ್ಟೆಯ ಸೋರಿಕೆ, ಸಡಿಲವಾದ ನಲ್ಲಿ ಜೋಡಣೆ ಎಲ್ಲದರ ನೀರೂ ಬಂದು ಸೇರುವುದು ಅಲ್ಲಿಗೆ. ಟಾರ್ಚ್ ಹಾಕಿ ಕೈ ಇಳಿಸಿ. ಒಣ ಧೂಳಿದ್ದರೆ ಒಳ್ಳೆಯದು. ನೀರಿದ್ದರೆ ಒಳಗಿನಿಂದ ತುಕ್ಕು ತಿನ್ನುತ್ತಿದೆ, ಹೊರಗಡೆ ಎಷ್ಟು ಕಪ್ಪು ಬಳಿದರೂ ಅದು ನಿಲ್ಲುವುದಿಲ್ಲ. ಮುಚ್ಚಳವೇ ಇಲ್ಲದ ದೋಣಿಯಾದರೆ ನೆಲದಲ್ಲಿ ಒಂದು ಕೊರೆಸಿ.

ಬ್ಲ್ಯಾಕಿಂಗ್ ಮತ್ತು ಅನೋಡ್

ತಳಕ್ಕೆ ಡಾಂಬರಿನಂಥ ಬಿಟುಮೆನ್ ಬಳಿಯುವುದು, ಅಂದರೆ ಬ್ಲ್ಯಾಕಿಂಗ್, ಎರಡು ಮೂರು ವರ್ಷಕ್ಕೊಮ್ಮೆ. ಎಪಾಕ್ಸಿ ಇನ್ನೂ ಕೆಲವು ವರ್ಷ ಹೆಚ್ಚು ಬಾಳುತ್ತದೆ, ಆದರೆ ಬಿಟುಮೆನ್ ಮೇಲೆ ಎಪಾಕ್ಸಿ ಹಿಡಿಯದು; ಮೊದಲು ಒರಟು ಕಣಗಳನ್ನು ರಭಸದಿಂದ ಹಾಯಿಸುವ ಗ್ರಿಟ್ ಬ್ಲಾಸ್ಟಿಂಗ್ ಮಾಡಿ ಬರಿ ಉಕ್ಕಿಗೆ ತರಬೇಕು. ಕ್ರಮ ಇಷ್ಟೆ: ಪ್ರೆಶರ್ ವಾಷರ್‌ನಿಂದ ಪಾಚಿ ತೊಳೆದು, ಸಡಿಲ ಬಣ್ಣ ಕೆರೆದು, ಪೂರ್ತಿ ಒಣಗಿಸಿ, ಎರಡು ಮೂರು ಕೋಟ್, ನೀರಿನ ಗೆರೆಯಲ್ಲಿ ಇನ್ನೊಂದು. ನೀರಿಗಿಳಿಸುವ ಮುಂಚೆ ಒಂದೆರಡು ದಿನ ಒಣಗಲು ಬಿಡಿ. ಅವಸರದಲ್ಲಿ ಒದ್ದೆ ಉಕ್ಕಿಗೆ ಬಳಿದದ್ದು ಮೊದಲ ಚಳಿಗಾಲಕ್ಕೇ ಹಾಳೆ ಹಾಳೆಯಾಗಿ ಏಳುತ್ತದೆ.

ತಳಕ್ಕೆ ಬೆಸೆಯುವ ಲೋಹದ ಗಟ್ಟಿಯೇ ಅನೋಡ್. 57 ಅಡಿಗೆ ಸಾಮಾನ್ಯವಾಗಿ ನಾಲ್ಕು ಅನೋಡ್, ಮುಂದೆ ಎರಡು, ಹಿಂದೆ ಎರಡು. ಸಿಹಿನೀರಿಗೆ ಮೆಗ್ನೀಸಿಯಂ, ಸತು ಸಮುದ್ರಕ್ಕೆ. ತಳದ ಬದಲು ತಾನು ಕರಗುವುದೇ ಅದರ ಕೆಲಸ, ಅರ್ಧ ಕರಗಿದಾಗ ಹೊಸದು ಬೆಸೆಯಿಸಿ. ಬಳಿಯುವವರು ಉತ್ಸಾಹದಲ್ಲಿ ಅನೋಡಿಗೂ ಕಪ್ಪು ಹಚ್ಚಿಬಿಡುತ್ತಾರೆ. ಹಾಗೆ ಹಚ್ಚಿದರೆ ಅದು ಬರೀ ಲೋಹದ ಉಂಡೆ.

ಮರೀನಾದಲ್ಲಿ (ದೋಣಿ ನಿಲ್ದಾಣ) ದಡದ ಕರೆಂಟ್ ಹಾಕಿಕೊಂಡು ನಿಲ್ಲುವವರಿಗೆ ಇನ್ನೊಂದು ಅಪಾಯ. ಅರ್ಥ್ ತಂತಿ ನಿಮ್ಮ ದೋಣಿಯನ್ನು ಪಕ್ಕದ ಎಲ್ಲ ದೋಣಿಗಳ ಲೋಹಕ್ಕೂ ಜೋಡಿಸುತ್ತದೆ, ನೀರು ಬ್ಯಾಟರಿಯ ಆಮ್ಲದಂತೆ ನಡುವೆ ಇರುತ್ತದೆ. ಪರಿಣಾಮ, ಯಾರದೋ ದೋಣಿಗೆ ನಿಮ್ಮ ಉಕ್ಕು ಅನೋಡ್ ಆಗಿ ಕರಗುತ್ತದೆ. ಈ ಕರಗುವಿಕೆ ತಡೆಯುವ ಗ್ಯಾಲ್ವನಿಕ್ ಐಸೋಲೇಟರ್ ಅಥವಾ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಚುಚ್ಚಬೇಡಿ.

ಎಂಜಿನ್ ಮತ್ತು ಹಿಂಬದಿ

ನೋಡಲು ಹೋಗುವ ದಿನ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ. ಹೋದೊಡನೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಶುರುವಾದಾಗ ಸ್ವಲ್ಪ ಬಿಳಿ ಹೊಗೆ ಪರವಾಗಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಲೇಪ ಕಂಡರೆ ನೀರು ಬೆರೆತಿರಬಹುದು. ಹಗ್ಗ ಬಿಗಿಯಾಗಿ ಕಟ್ಟಿ, ಗೇರ್ ಹಾಕಿ ಅರ್ಧ ಗಂಟೆ ಓಡಿಸಿ, ತಾಪಮಾನ ಏರುತ್ತಲೇ ಹೋಗುತ್ತದೆಯೇ ನೋಡಿ. ಬೀಟಾ, ಇಸುಜು, ಹಳೆಯ ಬಿಎಂಸಿ 1.8 ಇವೇ ಹೆಚ್ಚಾಗಿ ಸಿಗುವವು.

ಆಯಿಲ್ ಮತ್ತು ಫಿಲ್ಟರ್ ಬದಲಾವಣೆ ಸಾಮಾನ್ಯವಾಗಿ 250 ಗಂಟೆಗೊಮ್ಮೆ, ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ. ಕೆಳಗೆ ನುಸುಳಲು ಜಾಗವಿಲ್ಲ, ಹಾಗಾಗಿ ಎಂಜಿನ್ ಬಿಸಿಯಿರುವಾಗ ಕೈಪಂಪಿನಿಂದ ಮೇಲಕ್ಕೇ ಹೀರಿ ತೆಗೆಯುತ್ತಾರೆ. ಚಳಿಗಾಲಕ್ಕೆ ಮುಂಚೆ ಡೀಸೆಲ್ ಟ್ಯಾಂಕ್ ತುಂಬಿಸಿ. ಖಾಲಿ ಟ್ಯಾಂಕಿನ ಗೋಡೆಗೆ ಹನಿ ಕಟ್ಟಿ ನೀರು ಸೇರುತ್ತದೆ, ನೀರು ಸೇರಿದಲ್ಲಿ ಡೀಸೆಲ್ ತಿನ್ನುವ ಸೂಕ್ಷ್ಮಜೀವಿ ಕಪ್ಪು ಲೋಳೆಯಾಗಿ ಬೆಳೆದು ಫಿಲ್ಟರ್ ಕಟ್ಟುತ್ತದೆ.

ಪ್ರೊಪೆಲ್ಲರ್ ದಂಡ ಹೊರಹೋಗುವ ಜಾಗವೇ ಸ್ಟರ್ನ್ ಗ್ಲ್ಯಾಂಡ್. ಒಳಗೆ ಗ್ರೀಸ್ ಮಾಡಿದ ಹುರಿಯ ಉಂಗುರಗಳಿರುತ್ತವೆ. ಓಡುವಾಗ ಆಗೊಂದು ಈಗೊಂದು ಹನಿ ತೊಟ್ಟಿಕ್ಕಬೇಕು, ಅದೇ ದಂಡಕ್ಕೆ ತಂಪು. ದಿನದ ಪ್ರಯಾಣ ಮುಗಿದ ಮೇಲೆ ಗ್ರೀಸರ್ ಹಿಡಿಯನ್ನು ಬಿಗಿ ಹತ್ತುವವರೆಗೆ ತಿರುಗಿಸಿದರೆ ಹನಿ ನಿಲ್ಲುತ್ತದೆ. ಆಗಲೂ ನಿಲ್ಲದಿದ್ದರೆ ಎರಡು ನಟ್‌ಗಳನ್ನು ಸರದಿಯಲ್ಲಿ ಆರನೇ ಒಂದು ಸುತ್ತು ಬಿಗಿಮಾಡಿ, ಎರಡಕ್ಕೂ ಸಮ. ನಂತರ ಓಡಿಸಿ ಮುಟ್ಟಿ ನೋಡಿ: ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಅತಿಯಾಯಿತು, ದಂಡಕ್ಕೆ ಗೀರು ಬೀಳುತ್ತದೆ. ಒಂದು ಹನಿಯೂ ಬೀಳಬಾರದೆಂದು ಸ್ಪ್ಯಾನರ್‌ಗೆ ಜೋತುಬೀಳುವವರೇ ದಂಡ ಹಾಳುಮಾಡುವುದು. ನಟ್ ಕೊನೆಮುಟ್ಟಿದರೆ ಹೊಸ ಹುರಿ ಹಾಕಿಸಿ, ಉಂಗುರಗಳ ಕೀಲು ಒಂದರ ಮೇಲೊಂದು ಬರದಂತೆ.

ಪ್ರೊಪೆಲ್ಲರಿಗೆ ಸುತ್ತಿದ ಪ್ಲಾಸ್ಟಿಕ್, ತಂತಿ, ಬಟ್ಟೆ ಬಿಡಿಸಲು ವೀಡ್ ಹ್ಯಾಚ್ ಎಂಬ ಕಿಂಡಿ ಇದೆ. ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಕೈ ಇಳಿಸಿ. ಮುಚ್ಚಳವನ್ನು ಬಿಗಿಯಾಗಿ ಕೂರಿಸದೆ ಎಂಜಿನ್ ಹಾಕಿದರೆ ಪ್ರೊಪೆಲ್ಲರೇ ನೀರನ್ನು ಒಳಗೆ ಎರಚಿ ದೋಣಿ ಮುಳುಗಿಸುತ್ತದೆ.

ಮುಳುಗುವ ಇನ್ನೊಂದು ದಾರಿ ಲಾಕ್. ಕೆಳಗಿಳಿಯುವಾಗ ಲಾಕಿನ ಹಿಂಬಾಗಿಲ ಬಳಿಯ ಕಲ್ಲಿನ ಮೆಟ್ಟಿಲ ಮೇಲೆ ದೋಣಿಯ ಹಿಂಬದಿ ಸಿಕ್ಕಿಕೊಂಡರೆ, ನೀರು ಇಳಿದಂತೆ ಮೂತಿ ಕೆಳಗಾಗುತ್ತದೆ. ಗೋಡೆಯ ಮೇಲಿನ ಬಿಳಿ ಗುರುತಿಗಿಂತ ಮುಂದಿರಿ. ಸಿಕ್ಕಿಕೊಂಡರೆ ಕೆಳಗಿನ ಬಾಗಿಲ ಪ್ಯಾಡಲ್ (ನೀರು ಬಿಡುವ ಕಿಂಡಿಯ ಮುಚ್ಚಳ) ತಕ್ಷಣ ಇಳಿಸಿ, ಆಮೇಲೆ ಮೇಲಿನದನ್ನು ನಿಧಾನಕ್ಕೆ ತೆರೆದು ನೀರು ತುಂಬಿಸಿ.

ಗ್ಯಾಸ್, ಒಲೆ, ಅಡುಗೆ

ಮುಂಭಾಗದ ಲಾಕರ್‌ನಲ್ಲಿ ಸಾಮಾನ್ಯವಾಗಿ 13 ಕಿಲೋದ ಎರಡು ಪ್ರೊಪೇನ್ ಸಿಲಿಂಡರ್ ಇರುತ್ತವೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗದು, ತರಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಇಳಿದು ತಳದಲ್ಲಿ ನಿಲ್ಲುತ್ತದೆ. ಲಾಕರ್ ತಳದ ಹೊರತೂತು ಕಸದಿಂದ ಮುಚ್ಚಿಲ್ಲವೇ ಆಗಾಗ ನೋಡಿ. ಚಳಿಯೆಂದು ಗಾಳಿಕಿಂಡಿಗಳಿಗೆ ಬಟ್ಟೆ ತುರುಕುವುದು, ಟೇಪ್ ಅಂಟಿಸುವುದು ಪ್ರಾಣಕ್ಕೇ ಕುತ್ತು. ಒಲೆಯ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದರ ಅಲಾರಂ 2019ರ ಏಪ್ರಿಲ್‌ನಿಂದ ಕಡ್ಡಾಯ.

ನಮ್ಮ ಅಡುಗೆ ದೋಣಿಗೆ ಸ್ವಲ್ಪ ಒರಟು. ಕುಕ್ಕರ್ ಮೂರು ಕೂಗು ಹಾಕಿದರೆ, ಇಡ್ಲಿ ಬೇಯಿಸಿದರೆ ಆ ಆವಿಯೆಲ್ಲ ತಣ್ಣನೆಯ ಕಿಟಕಿ ಚೌಕಟ್ಟಿನ ಮೇಲೆ ಹನಿಯಾಗಿ ಇಳಿದು ಹಾಸಿಗೆಯ ಹಿಂದೆ ಬೂಷ್ಟು ಹಿಡಿಸುತ್ತದೆ. ಛಾವಣಿ ಕಿಂಡಿ ತೆರೆದಿಟ್ಟುಕೊಂಡೇ ಬೇಯಿಸಿ, ಅಕ್ಕಿ ಚೀಲ ನೆಲದ ಮೇಲಿಡಬೇಡಿ.

750 ವ್ಯಾಟ್‌ನ ಮಿಕ್ಸಿ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 70 ಆಂಪಿಯರ್ ಎಳೆಯುತ್ತದೆ. ಆದರೂ ಐದು ನಿಮಿಷದ ಚಟ್ನಿಗೆ 6 ಆಂಪಿಯರ್-ಗಂಟೆ ಅಷ್ಟೆ. 1,500 ವ್ಯಾಟ್‌ನ ಪ್ಯೂರ್ ಸೈನ್ ಇನ್ವರ್ಟರ್ ಮತ್ತು ದಪ್ಪ ಕೇಬಲ್ ಇದ್ದರೆ ನಡೆಯುತ್ತದೆ. 150 ವ್ಯಾಟ್‌ನ ಗ್ರೈಂಡರ್ ಅರ್ಧ ಗಂಟೆಗೆ ತಿನ್ನುವುದೂ ಹೆಚ್ಚುಕಡಿಮೆ ಅಷ್ಟೇ. ಇಂಡಕ್ಷನ್ ಒಲೆಯ ಆಸೆ ಬಿಡಿ. ಸಾಮಾನ್ಯ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರೆ ಬೇಗನೆ ಸಾಯುತ್ತದೆ.

ನೀರಿನ ಟ್ಯಾಂಕ್ ಕೆಲವು ನೂರು ಲೀಟರಿನದು. ಷವರ್ ಬಿಟ್ಟು ಬಕೆಟ್-ಚೊಂಬಿನ ಸ್ನಾನಕ್ಕೆ ಮರಳಿದರೆ ಎರಡು ಪಟ್ಟು ದಿನ ಬರುತ್ತದೆ. ಸಿಂಕಿನ ನೀರು ನೇರ ಕಾಲುವೆಗೇ ಹೋಗುತ್ತದೆ. ಹಾಗಾಗಿ ಒಗ್ಗರಣೆ ಸೌಟು, ಬಾಣಲೆಗಳ ಎಣ್ಣೆಯನ್ನು ತೊಳೆಯುವ ಮುಂಚೆ ಹಳೇ ಪೇಪರ್‌ನಿಂದ ಒರೆಸಿ ಕಸಕ್ಕೆ ಹಾಕಿ.