ವಿಯೆನ್ನಾದಲ್ಲಿ ಕಡಿಮೆ ಖರ್ಚಿನ ಹಾಸ್ಟೆಲ್: ಆರಿಸುವುದು, ತಂಗುವುದು, ಹೊಂದಿಕೊಳ್ಳುವುದು

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವನ್ನು ನೋಡಬೇಕೆಂದು ಆಸೆಪಡುವ ಅನೇಕರು ಹೋಟೆಲ್ ಬಾಡಿಗೆಯನ್ನು ಕಂಡೊಡನೆ ಹಿಂದೇಟು ಹಾಕುತ್ತಾರೆ. ಅಂಥವರಿಗೆ ಇಡೀ ಕೋಣೆಯ ಬದಲು ಒಂದು ಹಾಸಿಗೆಯನ್ನಷ್ಟೇ ಬಾಡಿಗೆಗೆ ಕೊಡುವ ಹಾಸ್ಟೆಲ್‌ಗಳು ನಿಜವಾದ ಅನುಕೂಲ. ನಾಲ್ಕರಿಂದ ಹನ್ನೆರಡು ಮಂದಿ ಮಲಗುವ ಕೋಣೆಯಲ್ಲಿ ಒಂದು ಹಾಸಿಗೆಗೆ ಋತುವನ್ನು ಅವಲಂಬಿಸಿ ರಾತ್ರಿಯೊಂದಕ್ಕೆ ಸುಮಾರು 20ರಿಂದ 45 ಯೂರೊ ತಗಲುತ್ತದೆ. ಇವು ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾದ ಸ್ಥಳಗಳಲ್ಲ. ಬಹುತೇಕ ಕಡೆ ವಯಸ್ಸಿನ ಗರಿಷ್ಠ ಮಿತಿಯೇ ಇರುವುದಿಲ್ಲ, ನಿವೃತ್ತರೂ ಒಂಟಿ ಮಹಿಳೆಯರೂ ನಿಸ್ಸಂಕೋಚವಾಗಿ ತಂಗುತ್ತಾರೆ. ಆದರೆ ಹದಿನೆಂಟು ತುಂಬದವರನ್ನು ಸಾಮೂಹಿಕ ಕೋಣೆಗೆ ಸೇರಿಸಿಕೊಳ್ಳದ ಹಾಸ್ಟೆಲ್‌ಗಳು ಹಲವು ಇರುವುದರಿಂದ, ಮಕ್ಕಳೊಡನೆ ಹೋಗುವವರು ಅಲ್ಲಿಯೇ ದೊರೆಯುವ ಪ್ರತ್ಯೇಕ ಕೋಣೆಯನ್ನು ಕಾದಿರಿಸಬೇಕು.

ಹಾಸ್ಟೆಲ್ ಆರಿಸುವಾಗ ಬೆಲೆಗಿಂತ ಮೊದಲು ವಿಳಾಸವನ್ನು ಓದುವುದು ಒಳ್ಳೆಯದು. ವಿಯೆನ್ನಾ ನಗರದಲ್ಲಿ 23 ಜಿಲ್ಲೆಗಳಿದ್ದು, ನಾಲ್ಕು ಅಂಕಿಗಳ ಪಿನ್ ಕೋಡ್‌ನ ನಡುವಿನ ಎರಡು ಅಂಕಿಗಳು ಜಿಲ್ಲೆಯ ಸಂಖ್ಯೆಯನ್ನು ಹೇಳುತ್ತವೆ: 1060 ಎಂದಿದ್ದರೆ ಆರನೆಯ ಜಿಲ್ಲೆ, 1150 ಎಂದಿದ್ದರೆ ಹದಿನೈದನೆಯದು. ಒಂದನೆಯ ಜಿಲ್ಲೆ ಸಂತ ಸ್ಟೀಫನ್ ಚರ್ಚ್ ಮತ್ತು ಹಾಫ್‌ಬುರ್ಗ್ ಅರಮನೆ ಇರುವ ಹಳೆಯ ಪಟ್ಟಣ; ಅದನ್ನು ಬಳಸಿಕೊಂಡು ರಿಂಗ್ ರಸ್ತೆ ಹಾದುಹೋಗುತ್ತದೆ. ಮೂರರಿಂದ ಒಂಬತ್ತರವರೆಗಿನ ಜಿಲ್ಲೆಗಳು ಹೆಚ್ಚುಕಡಿಮೆ ಈ ರಿಂಗ್ ರಸ್ತೆಗೂ ಹೊರವರ್ತುಲದ ಗ್ಯುರ್ಟೆಲ್ ರಸ್ತೆಗೂ ನಡುವೆ ಇವೆ. ಹತ್ತಕ್ಕಿಂತ ಮೇಲಿನ ಸಂಖ್ಯೆ ಕಂಡರೆ ಅದು ದೂರವೇ ಎಂದು ಬಿಟ್ಟುಬಿಡಬಾರದು. ಮೆಟ್ರೊ ನಿಲ್ದಾಣ ಎಷ್ಟು ಹತ್ತಿರ ಎಂಬುದೇ ಅಲ್ಲಿ ನಿರ್ಣಾಯಕ. ಉದಾಹರಣೆಗೆ, ಹದಿನೈದನೆಯ ಜಿಲ್ಲೆಯ ವೆಸ್ಟ್‌ಬಾನ್‌ಹೋಫ್ ರೈಲು ನಿಲ್ದಾಣದ ಸುತ್ತ ಅಗ್ಗದ ವಸತಿಗಳು ಸಾಕಷ್ಟಿವೆ. ಅಲ್ಲಿಂದ ಯು3 ಮೆಟ್ರೊ ಹಿಡಿದರೆ ಐದನೆಯ ನಿಲ್ದಾಣವೇ ನಗರದ ನಡುಮಧ್ಯದ ಸ್ಟೆಫಾನ್ಸ್‌ಪ್ಲಾಟ್ಸ್, 60ನೇ ಸಂಖ್ಯೆಯ ಟ್ರಾಮ್ ಏರಿದರೆ ಶ್ಯೋನ್‌ಬ್ರುನ್ ಅರಮನೆ. ನನ್ನ ಮಟ್ಟಿಗೆ ಮೊದಲ ಸಲ ಹೋಗುವವರಿಗೆ ಈ ಭಾಗವೇ ಹೆಚ್ಚು ಅನುಕೂಲ. ನಾಶ್‌ಮಾರ್ಕ್ಟ್ ಸಂತೆಯ ಆಸುಪಾಸಿನ ಹಾಸ್ಟೆಲ್‌ಗಳು ತುಸು ದುಬಾರಿಯಾದರೂ ನಡೆದೇ ಒಪೆರಾ ಭವನ ತಲುಪಬಹುದು. ಗ್ಯುರ್ಟೆಲ್ ರಸ್ತೆಗೆ ಮುಖಮಾಡಿದ ಕಟ್ಟಡವಾದರೆ ರಾತ್ರಿಯೆಲ್ಲ ವಾಹನಗಳ ಸದ್ದಿರುತ್ತದೆ. ಅಂಗಳದ ಕಡೆಯ ಕೋಣೆಯನ್ನು ಕೇಳಿ ಪಡೆಯಬೇಕು.

ವಿಳಾಸ ಒಪ್ಪಿಗೆಯಾದ ಮೇಲೆ ಬೆಲೆಯೊಳಗೆ ಏನೇನು ಸೇರಿದೆ ಎಂಬುದನ್ನು ಪರಿಶೀಲಿಸಬೇಕು. ಹೊದಿಕೆ ಮತ್ತು ಹಾಸುಬಟ್ಟೆ ಸಾಮಾನ್ಯವಾಗಿ ಸೇರಿರುತ್ತವೆ. ಟವೆಲ್, ಬೆಳಗಿನ ತಿಂಡಿ, ಬಟ್ಟೆ ಒಗೆಯುವ ಯಂತ್ರ ಇವಕ್ಕೆ ಬಹಳ ಕಡೆ ಬೇರೆ ಹಣ ಕೊಡಬೇಕು, ನಗರದ ವಸತಿ ತೆರಿಗೆ ಕೆಲವೊಮ್ಮೆ ಕೊನೆಯಲ್ಲಿ ಸೇರುತ್ತದೆ. ಹೀಗಾಗಿ ಎರಡು ಯೂರೊ ಅಗ್ಗವೆಂದು ಕಂಡ ಹಾಸ್ಟೆಲ್ ಕಡೆಗೆ ಹೆಚ್ಚು ದುಬಾರಿಯಾಗಬಹುದು. ಅತಿಥಿಗಳ ಅಭಿಪ್ರಾಯಗಳನ್ನು ಓದುವಾಗ ಒಟ್ಟು ಅಂಕಕ್ಕಿಂತ ಕಳೆದ ಎರಡು ಮೂರು ತಿಂಗಳಲ್ಲಿ ಬರೆದವರು ಶುಚಿತ್ವ, ಬೀಗವಿರುವ ಕಪಾಟು ಮತ್ತು ರಾತ್ರಿಯ ಗದ್ದಲದ ಬಗ್ಗೆ ಏನು ಹೇಳಿದ್ದಾರೆಂಬುದನ್ನು ನೋಡಬೇಕು. ನೆಲಮಹಡಿಯಲ್ಲಿ ಬಾರ್ ಇದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಜಾಗ ಬೇಗ ಮಲಗುವವರಿಗೆ ಹಿತವಾಗದು. ಕ್ರಿಸ್ಮಸ್ ಸಂತೆಗಳು ನಡೆಯುವ ನವೆಂಬರ್ ಕೊನೆ ಮತ್ತು ಡಿಸೆಂಬರ್‌ನಲ್ಲಿ ಬೆಲೆ ಏರುತ್ತದೆ. ಬೇಸಿಗೆಯಲ್ಲಿ ತಾಪಮಾನ 35 ಡಿಗ್ರಿ ದಾಟುವ ದಿನಗಳಿದ್ದರೂ ಹವಾನಿಯಂತ್ರಣವಿಲ್ಲದ ಕಟ್ಟಡಗಳೇ ಹೆಚ್ಚು. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮಹಿಳೆಯರಿಗೆ ಮಾತ್ರ ಮೀಸಲಾದ ಕೋಣೆಗಳು ಹಲವು ಹಾಸ್ಟೆಲ್‌ಗಳಲ್ಲಿವೆ. ಮೊಣಕಾಲು ನೋವಿರುವವರು ಕೆಳಗಿನ ಹಾಸಿಗೆ ಬೇಕೆಂದು ಮುಂಚಿತವಾಗಿ ಇ-ಮೇಲ್ ಬರೆಯುವುದು ಲೇಸು.

ಭಾರತದ ಪಾಸ್‌ಪೋರ್ಟ್ ಹೊಂದಿದವರಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಬೇಕು, ಮತ್ತು ಆ ಅರ್ಜಿಯೊಡನೆ ಪ್ರವಾಸದ ಅಷ್ಟೂ ರಾತ್ರಿಗಳ ವಸತಿಗೆ ದಾಖಲೆ ತೋರಿಸಬೇಕು. ಹಾಸ್ಟೆಲ್ ಕಾದಿರಿಸಿದ ಪತ್ರವೂ ಇದಕ್ಕೆ ನಡೆಯುತ್ತದೆ. ಅದರಲ್ಲಿ ಅರ್ಜಿದಾರರ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು, ಗುಂಪಾಗಿ ಕಾದಿರಿಸಿದ್ದರೆ ಎಲ್ಲರ ಹೆಸರೂ ಕಾಣಬೇಕು. ವೀಸಾ ಕೈಸೇರುವ ತನಕ ಹಣ ಕಳೆದುಕೊಳ್ಳದೆ ರದ್ದುಮಾಡಬಹುದಾದ ದರವನ್ನೇ ಆರಿಸಿಕೊಳ್ಳುವುದು ಜಾಣತನ. ರದ್ದುಮಾಡಲಾಗದ ದರದಲ್ಲಿ ಉಳಿಯುವ ನಾಲ್ಕೈದು ಯೂರೊಗಳಿಗಾಗಿ ಇಡೀ ಮೊತ್ತವನ್ನು ಅಪಾಯಕ್ಕೆ ಒಡ್ಡಬಾರದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು, ಕೊನೆಯ ಗಡುವು ಹದಿನೈದು ದಿನ ಮುಂಚೆ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಸಾಮಾನು ಕಟ್ಟುವಾಗ ಹಾಸ್ಟೆಲ್ ವಾಸಕ್ಕೆಂದೇ ಕೆಲವು ವಸ್ತುಗಳನ್ನು ಎತ್ತಿಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದುದು ಒಂದು ಗಟ್ಟಿಮುಟ್ಟಾದ ಚಿಕ್ಕ ಬೀಗ, ಏಕೆಂದರೆ ಕಪಾಟು ಕೊಟ್ಟರೂ ಬೀಗ ಕೊಡದ ಹಾಸ್ಟೆಲ್‌ಗಳಿವೆ. ಬೇಗ ಒಣಗುವ ತೆಳುವಾದ ಟವೆಲ್, ಸ್ನಾನದ ಮನೆಗೆ ರಬ್ಬರ್ ಚಪ್ಪಲಿ, ಕಿವಿಗೆ ಇಟ್ಟುಕೊಳ್ಳುವ ಬಿರಡೆ ಮತ್ತು ಕಣ್ಣುಪಟ್ಟಿ ಇರಲಿ. ಜೂನ್ ತಿಂಗಳಲ್ಲಿ ಐದು ಗಂಟೆಗೆಲ್ಲ ಸೂರ್ಯ ಹುಟ್ಟಿರುವುದರಿಂದ ಕಣ್ಣುಪಟ್ಟಿಯ ಬೆಲೆ ಅಲ್ಲಿ ತಿಳಿಯುತ್ತದೆ. ಅಲ್ಲಿನ ವಿದ್ಯುತ್ ನಮ್ಮಂತೆಯೇ 230 ವೋಲ್ಟ್; ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಹೆಚ್ಚಾಗಿ ನೇರವಾಗಿ ಕೂರುತ್ತದೆ, ನಮ್ಮ ಮೂರು ಪಿನ್ನಿನ ಪ್ಲಗ್‌ಗಳಿಗೆ ಮಾತ್ರ ಅಡಾಪ್ಟರ್ ಬೇಕು. ತಿಂಡಿ ಕಟ್ಟಿಕೊಳ್ಳುವ ವಿಷಯದಲ್ಲಿ ಯುರೋಪಿಯನ್ ಒಕ್ಕೂಟದ ನಿಯಮ ಬಿಗಿಯಾಗಿದೆ: ಹಾಲಿನ ಉತ್ಪನ್ನಗಳನ್ನೂ ಮಾಂಸವನ್ನೂ ಹೊರದೇಶಗಳಿಂದ ಒಯ್ಯುವಂತಿಲ್ಲ, ಹಸಿ ತರಕಾರಿ ಸೊಪ್ಪುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆದ್ದರಿಂದ ತುಪ್ಪ, ಪೇಡ, ಹಸಿ ಕರಿಬೇವು ಮನೆಯಲ್ಲೇ ಉಳಿಯಲಿ. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ ಜೊತೆಗೆ ಬರಲಿ.

ವಿಮಾನ ನಿಲ್ದಾಣವಿರುವುದು ನಗರದ ಗಡಿಯಾಚೆಯ ಶ್ವೆಖಾಟ್‌ನಲ್ಲಿ. ಅಲ್ಲಿಂದ ನಗರದೊಳಗಿನ ವೀನ್ ಮಿಟ್ಟೆ ನಿಲ್ದಾಣಕ್ಕೆ ಹದಿನಾರು ನಿಮಿಷದಲ್ಲಿ ತಲುಪಿಸುವ ಹಸಿರು ಬಣ್ಣದ ವಿಶೇಷ ರೈಲಿನ ಫಲಕಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಅದರ ಟಿಕೆಟ್ ದುಬಾರಿ. ಎಸ್7 ಎಂಬ ಸಾಮಾನ್ಯ ರೈಲು ಅದೇ ವೀನ್ ಮಿಟ್ಟೆ ನಿಲ್ದಾಣಕ್ಕೆ ಸುಮಾರು ಇಪ್ಪತ್ತೈದು ನಿಮಿಷದಲ್ಲಿ, ಎಷ್ಟೋ ಕಡಿಮೆ ಹಣಕ್ಕೆ ಮುಟ್ಟಿಸುತ್ತದೆ. ಮುಖ್ಯ ರೈಲು ನಿಲ್ದಾಣದ ಬಳಿ ತಂಗುವವರಿಗೆ ದೂರದ ಊರುಗಳಿಗೆ ಹೋಗುವ ರೈಲ್‌ಜೆಟ್ ಗಾಡಿಗಳು ಕಾಲು ಗಂಟೆಯಲ್ಲಿ ತಲುಪಿಸುತ್ತವೆ. ನಗರದೊಳಗಿನ ಪಾಸ್ ಮಾತ್ರ ಈ ದಾರಿಗೆ ಸಾಲದು, ಹೊರವಲಯದ ಟಿಕೆಟನ್ನೂ ಸೇರಿಸಿ ಕೊಳ್ಳಬೇಕು. ಮುದ್ರೆ ಇಲ್ಲದ ಕಾಗದದ ಟಿಕೆಟ್ ಆದರೆ ನಿಲ್ದಾಣದ ಬಾಗಿಲಲ್ಲೇ ಇರುವ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಅಲ್ಲಿ ನಮ್ಮ ಮೆಟ್ರೊದಂತೆ ತಡೆಗೇಟುಗಳಿಲ್ಲವಾದರೂ ತಪಾಸಣೆ ಇದ್ದೇ ಇದೆ, ದಂಡ ಒಂದು ವಾರದ ಪಾಸಿಗಿಂತ ಎಷ್ಟೋ ಹೆಚ್ಚು. ಮೆಟ್ರೊ ರಾತ್ರಿಯಿಡೀ ಓಡುವುದು ಶುಕ್ರವಾರ, ಶನಿವಾರ ಮತ್ತು ಹಬ್ಬದ ಹಿಂದಿನ ರಾತ್ರಿಗಳಲ್ಲಿ ಮಾತ್ರ. ಉಳಿದ ದಿನಗಳಲ್ಲಿ ನಡುರಾತ್ರಿ ಕಳೆದು ಇಳಿಯುವವರು ರಾತ್ರಿ ಬಸ್ಸನ್ನು ನಂಬಬೇಕಾಗುತ್ತದೆ. ಹಾಸ್ಟೆಲ್‌ನ ಸ್ವಾಗತ ಕಚೇರಿ ಆ ಹೊತ್ತಿಗೆ ತೆರೆದಿರುತ್ತದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಕೋಣೆ ದೊರೆಯುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಅಥವಾ ಮೂರು ಗಂಟೆಯ ನಂತರ. ಬೆಳಿಗ್ಗೆಯೇ ಬಂದಿಳಿದವರು ಸಾಮಾನನ್ನು ಅಲ್ಲಿನ ಲಗೇಜ್ ಕೋಣೆಯಲ್ಲಿಟ್ಟು ಊರು ಸುತ್ತಬಹುದು. ಪಾಸ್‌ಪೋರ್ಟ್ ಮತ್ತು ಹಣ ಮಾತ್ರ ಮೈಮೇಲೆಯೇ ಇರಲಿ. ಅತಿಥಿಗಳ ವಿವರ ದಾಖಲಿಸುವುದು ಅಲ್ಲಿ ಕಾನೂನು, ಆದ್ದರಿಂದ ಪಾಸ್‌ಪೋರ್ಟ್ ಕೇಳಿದರೆ ಗಾಬರಿಯಾಗಬೇಕಿಲ್ಲ. ಕೋಣೆಗೆ ಹೋದೊಡನೆ ಹಾಸಿಗೆಯ ಅಂಚು ಮತ್ತು ಹೊಲಿಗೆಗಳನ್ನು ಎತ್ತಿ ನೋಡುವ ರೂಢಿ ಒಳ್ಳೆಯದು. ಕಪ್ಪು ಚುಕ್ಕೆಗಳು ಕಂಡರೆ ತಿಗಣೆಯ ಸೂಚನೆ. ಚೀಲವನ್ನು ಬಿಚ್ಚದೆ ಕೆಳಗಿಳಿದು ಬೇರೆ ಕೋಣೆ ಕೇಳಬೇಕು.

ಸಾಮೂಹಿಕ ಕೋಣೆಯಲ್ಲಿ ಬಾಳುವೆಯ ಸೂತ್ರ ರೈಲಿನ ಸ್ಲೀಪರ್ ಬೋಗಿಯದೇ: ನಿಮ್ಮ ಬರ್ತ್ ನಿಮ್ಮದು, ಬೆಳಕು ಮತ್ತು ಸದ್ದು ಎಲ್ಲರದು. ಆಸ್ಟ್ರಿಯಾದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿಶ್ಶಬ್ದದ ವೇಳೆ ಎಂದು ಜನ ಗಂಭೀರವಾಗಿ ಪಾಲಿಸುತ್ತಾರೆ. ಸ್ಟಾಟ್ಸ್‌ಒಪೆರ್ ಎಂಬ ಸರ್ಕಾರಿ ಒಪೆರಾ ಭವನದಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್‌ಗಳು ಸಿಗುತ್ತವೆ, ಅದನ್ನು ತಪ್ಪಿಸಿಕೊಳ್ಳಬಾರದು. ಆದರೆ ಪ್ರದರ್ಶನ ಮುಗಿಸಿ ಹನ್ನೊಂದು ಗಂಟೆಗೆ ಮರಳುವ ಹೊತ್ತಿಗೆ ಕೋಣೆ ಮಲಗಿರುತ್ತದೆ. ಹಾಗಾಗಿ ಸಂಜೆ ಹೊರಡುವ ಮುನ್ನವೇ ರಾತ್ರಿಯ ಬಟ್ಟೆ, ಹಲ್ಲುಜ್ಜುವ ಬ್ರಷ್, ಚಾರ್ಜರ್ ಇವನ್ನು ದಿಂಬಿನ ಬಳಿ ಇಟ್ಟು, ಹಾಸಿಗೆಗೆ ಹಾಸುಬಟ್ಟೆ ಹೊದಿಸಿ ಹೋಗಬೇಕು. ಪ್ಲಾಸ್ಟಿಕ್ ಕೈಚೀಲಗಳ ಪರಪರ ಸದ್ದು ಮಲಗಿದವರನ್ನು ಎಬ್ಬಿಸಿದಷ್ಟು ಬೇರಾವುದೂ ಎಬ್ಬಿಸದು, ಬಟ್ಟೆಯ ಚೀಲಗಳಲ್ಲಿ ಸಾಮಾನು ವಿಂಗಡಿಸಿಕೊಂಡರೆ ಆ ತೊಂದರೆಯೇ ಇಲ್ಲ. ಮನೆಯವರೊಡನೆ ವಿಡಿಯೊ ಕರೆಯಲ್ಲಿ ಮಾತನಾಡುವುದಿದ್ದರೆ ಕೆಳಗಿನ ಸಾಮಾನ್ಯ ಕೊಠಡಿಗೆ ಹೋಗಬೇಕು. ಸಮಯದ ಅಂತರ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಊರಿನಲ್ಲಿ ಬೆಳಿಗ್ಗೆ ಎಂಟಾದಾಗ ನಿಮ್ಮ ಕೋಣೆಯಲ್ಲಿ ಎಲ್ಲರೂ ಇನ್ನೂ ನಿದ್ದೆಯಲ್ಲಿರುತ್ತಾರೆ ಎಂಬುದನ್ನು ಮನೆಯವರಿಗೂ ಹೇಳಿಟ್ಟಿರಿ.

ಸ್ನಾನದ ಮನೆಯ ವಿಚಾರವನ್ನು ಸಂಕೋಚವಿಲ್ಲದೆ ಹೇಳಬೇಕು. ಶೌಚಾಲಯದಲ್ಲಿ ನೀರಿನ ಪೈಪ್ ಇರುವುದಿಲ್ಲ, ಒಂದು ಖಾಲಿ ಬಾಟಲಿಯನ್ನು ಜೊತೆಗೆ ಒಯ್ಯುವುದೇ ಉಪಾಯ. ನೀರು ಹರಿದುಹೋಗುವ ತೂಬು ಶವರ್ ನಿಲ್ಲುವ ಜಾಗದಲ್ಲಿ ಮಾತ್ರ ಇರುವುದರಿಂದ ಪರದೆಯನ್ನು ಪೂರ್ತಿ ಎಳೆದುಕೊಂಡು, ಹೊರಗಿನ ನೆಲ ಒದ್ದೆಯಾಗದಂತೆ ನೋಡಿಕೊಳ್ಳಬೇಕು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರ ನಡುವೆ ಸರದಿ ಹೆಚ್ಚು. ನಸುಕಿನಲ್ಲೇ ಮೀಯುವ ನಮ್ಮವರ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹಣ ನಿಜವಾಗಿ ಉಳಿಯುವುದು ಅಡುಗೆಮನೆಯಲ್ಲಿ. ಆದ್ದರಿಂದ ಅತಿಥಿಗಳಿಗೆ ಅಡುಗೆಮನೆ ಇರುವ ಹಾಸ್ಟೆಲನ್ನೇ ಹುಡುಕಬೇಕೆಂದು ಒತ್ತಿ ಹೇಳುತ್ತೇನೆ, ಸಸ್ಯಾಹಾರಿಗಳಿಗಂತೂ ಅದು ಅರ್ಧ ನೆಮ್ಮದಿ. ಬಿಲ್ಲಾ, ಸ್ಪಾರ್, ಹೋಫರ್ ಎಂಬ ಸೂಪರ್ ಮಾರ್ಕೆಟ್‌ಗಳಲ್ಲಿ ಅಕ್ಕಿ, ಮೊಸರು, ತರಕಾರಿ, ಕೆಂಪು ಮಸೂರ ಬೇಳೆ ಸಿಗುತ್ತವೆ. ಕುಕ್ಕರ್ ಇಲ್ಲದ ಒಲೆಯಲ್ಲಿ ತೊಗರಿಬೇಳೆ ಬೇಯಿಸುತ್ತ ಕೂರುವುದಕ್ಕಿಂತ ಇಪ್ಪತ್ತು ನಿಮಿಷದಲ್ಲಿ ಬೇಯುವ ಈ ಮಸೂರ ಬೇಳೆಗೆ ಸಾರಿನ ಪುಡಿ ಹಾಕಿ ಕುದಿಸುವುದು ಸುಲಭ. ಒಗ್ಗರಣೆಯ ವಿಷಯದಲ್ಲಿ ಎಚ್ಚರ ಬೇಕು: ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದು ಘಾಟು ಎದ್ದರೆ ಪಕ್ಕದವರೆಲ್ಲ ಕೆಮ್ಮುತ್ತಾರೆ, ಹೊಗೆ ದಟ್ಟವಾದರೆ ಚಾವಣಿಯ ಎಚ್ಚರಿಕೆ ಗಂಟೆಯೂ ಬಡಿದುಕೊಳ್ಳುತ್ತದೆ. ಒಲೆಯ ಮೇಲಿನ ಫ್ಯಾನ್ ಹಾಕಿ, ಸಣ್ಣ ಉರಿಯಲ್ಲಿ ಸಾಸಿವೆ ಸಿಡಿಸಿ, ಮೆಣಸಿನಕಾಯಿಯ ಬದಲು ಪುಡಿಯನ್ನು ಕೊನೆಗೆ ಬೆರೆಸಿದರೆ ರುಚಿಯೂ ಉಳಿಯುತ್ತದೆ. ಫ್ರಿಜ್‌ನಲ್ಲಿಡುವ ಪದಾರ್ಥಕ್ಕೆ ಹೆಸರು ಮತ್ತು ಹೊರಡುವ ದಿನಾಂಕ ಬರೆದ ಚೀಟಿ ಅಂಟಿಸಬೇಕು, ಇಲ್ಲವಾದರೆ ಶುಚಿ ಮಾಡುವವರು ಅದನ್ನು ಎಸೆದುಬಿಡುತ್ತಾರೆ. ಹಿಂದಿನವರು ಬಿಟ್ಟುಹೋದ ಉಪ್ಪು, ಎಣ್ಣೆ, ಪಾಸ್ತಾ ಇರುವ ಸಾರ್ವಜನಿಕ ಕಪಾಟು ಹಲವೆಡೆ ಇರುತ್ತದೆ. ಅದನ್ನು ನೋಡಿಯೇ ಅಂಗಡಿಗೆ ಹೋಗಿ.

ಹೊರಗೆ ತಿನ್ನುವಾಗ ಆಸ್ಟ್ರಿಯಾದ ಒಂದು ಪದ್ಧತಿ ನಮಗೆ ಬಹಳ ನೆರವಾಗುತ್ತದೆ. ಅಲ್ಲಿನ ಮೆನುಗಳಲ್ಲಿ ತಿನಿಸಿನ ಹೆಸರಿನ ಪಕ್ಕ ಅಲರ್ಜಿಯ ಸೂಚಕವಾಗಿ ರೋಮನ್ ಅಕ್ಷರಗಳನ್ನು ಮುದ್ರಿಸುತ್ತಾರೆ: ‘ಎ’ ಎಂದರೆ ಗೋಧಿಯಂಥ ಧಾನ್ಯ, ‘ಸಿ’ ಎಂದರೆ ಮೊಟ್ಟೆ, ‘ಡಿ’ ಎಂದರೆ ಮೀನು, ‘ಜಿ’ ಎಂದರೆ ಹಾಲು. ಮೊಟ್ಟೆಯನ್ನೂ ತಿನ್ನದವರು ‘ಸಿ’ ಇಲ್ಲದ ತಿನಿಸನ್ನು ಆರಿಸಬಹುದು. ಮಾಂಸಕ್ಕೆ ಮಾತ್ರ ಇಂಥ ಅಕ್ಷರವಿಲ್ಲ, ಸೂಪಿನ ನೀರು ಮಾಂಸದ್ದೋ ಅಲ್ಲವೋ ಎಂದು ಬಾಯಿಬಿಟ್ಟು ಕೇಳಲೇಬೇಕು.

ಭಾನುವಾರ ವಿಯೆನ್ನಾದ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೂ ಸಂಜೆ ಆರಕ್ಕೆ ಬಾಗಿಲು ಹಾಕುತ್ತವೆ. ಶನಿವಾರ ಮಧ್ಯಾಹ್ನವೇ ಎರಡು ದಿನದ ಸಾಮಾನು ತಂದಿಡಬೇಕು. ಮರೆತರೆ ದೊಡ್ಡ ರೈಲು ನಿಲ್ದಾಣಗಳೊಳಗಿನ ಸೂಪರ್ ಮಾರ್ಕೆಟ್‌ಗಳೇ ಗತಿ, ಅಲ್ಲಿ ಸಾಲು ಉದ್ದ. ಜ್ವರದ ಸಾಧಾರಣ ಮಾತ್ರೆಯೂ ಔಷಧದ ಅಂಗಡಿಯಲ್ಲಿ ಮಾತ್ರ ಸಿಗುವುದರಿಂದ ಅಗತ್ಯದ ಮಾತ್ರೆಗಳನ್ನು ಊರಿನಿಂದಲೇ ಒಯ್ಯಬೇಕು. ನೀರನ್ನು ಕೊಳ್ಳಲೇಬೇಡಿ. ಆಲ್ಪ್ಸ್ ಬೆಟ್ಟಗಳ ಚಿಲುಮೆಗಳಿಂದ 1873ರಲ್ಲಿ ಒಂದು, 1910ರಲ್ಲಿ ಇನ್ನೊಂದು ಕೊಳವೆ ಮಾರ್ಗವನ್ನು ನಿರ್ಮಿಸಿದ ಈ ನಗರದಲ್ಲಿ ಹಾಸ್ಟೆಲ್‌ನ ನಲ್ಲಿಯಲ್ಲಿ ಬರುವ ನೀರು ತಣ್ಣಗೆ, ಶುದ್ಧವಾಗಿ ಇರುತ್ತದೆ. ಬಾಟಲಿ ತುಂಬಿಸಿಕೊಂಡು ಹೊರಟರೆ ಸಾಕು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬೇಕು, ಆಂಬುಲೆನ್ಸ್‌ಗೆ ನೇರ ಸಂಖ್ಯೆ 144.

ಹೊರಡುವ ದಿನ ಹತ್ತು ಅಥವಾ ಹನ್ನೊಂದು ಗಂಟೆಯೊಳಗೆ ಹಾಸಿಗೆ ಬಿಡಬೇಕಾಗುತ್ತದೆ. ಬೆಳಗಿನ ಜಾವದ ರೈಲಾದರೆ ಹಿಂದಿನ ಸಂಜೆಯೇ ಸಾಮಾನು ಕಟ್ಟಿ, ಕೊನೆಯ ಚೀಲವನ್ನು ಪಡಸಾಲೆಗೆ ಒಯ್ದು ಮುಚ್ಚಿಕೊಳ್ಳಬೇಕು. ಹಾಸುಬಟ್ಟೆಯನ್ನು ಕಳಚಿ ಹೇಳಿದ ಬುಟ್ಟಿಗೆ ಹಾಕಿ, ಕೀಲಿಕಾರ್ಡನ್ನು ಹಿಂದಿರುಗಿಸಿ, ಮುಂಗಡ ಕೊಟ್ಟಿದ್ದರೆ ಕೇಳಿ ಪಡೆಯಬೇಕು. ದಿಂಬಿನ ಕೆಳಗೆ, ಪ್ಲಗ್‌ನಲ್ಲಿ, ಫ್ರಿಜ್‌ನಲ್ಲಿ ಒಮ್ಮೆ ಕೈಯಾಡಿಸಿ ನೋಡಿ. ಅಡಾಪ್ಟರ್ ಉಳಿದುಹೋಗುವುದು ಅಲ್ಲೇ. 2025ರ ಜನವರಿಯಿಂದ ಪಾನೀಯದ ಪ್ಲಾಸ್ಟಿಕ್ ಬಾಟಲಿ ಮತ್ತು ಡಬ್ಬಿಗಳ ಮೇಲೆ ತಲಾ 25 ಸೆಂಟ್ ಠೇವಣಿ ಇರುವುದರಿಂದ, ಖಾಲಿಯಾದವನ್ನು ಜಜ್ಜದೆ ಸೂಪರ್ ಮಾರ್ಕೆಟ್‌ನ ಯಂತ್ರಕ್ಕೆ ಹಾಕಿ ಹಣ ಹಿಂಪಡೆಯಬಹುದು. ಉಳಿದ ಅಕ್ಕಿ, ಬೇಳೆ, ಎಣ್ಣೆಯನ್ನು ಸಾರ್ವಜನಿಕ ಕಪಾಟಿನಲ್ಲಿ ಇಟ್ಟು, ರಾತ್ರಿಯ ವಿಮಾನವಾದರೆ ಸಾಮಾನನ್ನು ಮತ್ತೆ ಲಗೇಜ್ ಕೋಣೆಗೆ ಒಪ್ಪಿಸಿ ಸಂಜೆಯವರೆಗೆ ಊರಿನಲ್ಲಿ ಇರಬಹುದು.