ಬ್ಯಾಕಪ್ ಸರಾಗ, ರಿಸ್ಟೋರ್ ಆಮೆನಡಿಗೆ: ತೊಡಕು ಪತ್ತೆ ಹೇಗೆ?

ಸಾಗರ, ತೀರ್ಥಹಳ್ಳಿ ಕಡೆಯ ಮಂಡಿ, ಸೊಸೈಟಿಗಳಲ್ಲಿ ರಾತ್ರಿಯ ಬ್ಯಾಕಪ್ (ಸರ್ವರ್‌ನ ಡೇಟಾದ ನಕಲು ತೆಗೆದಿಡುವುದು) 20 ನಿಮಿಷಕ್ಕೆ ಮುಗಿದುಬಿಡುತ್ತದೆ. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟು ಸರ್ವರ್ ಮಲಗಿದಾಗ ರಿಸ್ಟೋರ್‌ಗೆ (ಆ ನಕಲಿನಿಂದ ಡೇಟಾ ವಾಪಸ್ ತುಂಬಲು) ಹಾಕಿದರೆ ಮಾರನೇ ದಿನವೂ ಓಡುತ್ತಲೇ ಇರುತ್ತದೆ. ನೆಟ್‌ವರ್ಕ್‌ನದೇ ತಪ್ಪೆಂದು ಹೊಸ ನೆಟ್‌ವರ್ಕ್ ಸ್ವಿಚ್ ತರಲು ಶಿವಮೊಗ್ಗದ ಬಸ್ ಹತ್ತುವ ಮೊದಲು ಲೆಕ್ಕ ಹಾಕಿ.

ಸರ್ವರ್‌ನಲ್ಲಿ 600 ಜಿಬಿ ಇದೆ ಅಂದುಕೊಳ್ಳಿ. ರಾತ್ರಿ ಹೋಗುವುದು ಅಂದು ಬದಲಾದಷ್ಟೇ, 12 ಜಿಬಿ ಇರಬಹುದು. 20 ನಿಮಿಷಕ್ಕೆ 12 ಜಿಬಿ ಎಂದರೆ ಸೆಕೆಂಡಿಗೆ 10 ಎಂಬಿ. ಕೆಲವು ಸಾಫ್ಟ್‌ವೇರ್‌ಗಳು ಇಡೀ 600 ಜಿಬಿಯನ್ನು ಲೆಕ್ಕಕ್ಕೆ ಹಿಡಿದು 500 ಎಂಬಿ ಎಂದು ಬೀಗುತ್ತವೆ, ನಂಬಬೇಡಿ. ರಿಸ್ಟೋರ್‌ಗೆ ಪೂರ್ತಿ 600 ಜಿಬಿ ಬರಬೇಕು. ಅದೇ ವೇಗದಲ್ಲಿ ಸುಮಾರು 17 ಗಂಟೆ. ಹೋಲಿಸುವುದಾದರೆ ಮೊದಲ ಫುಲ್ ಬ್ಯಾಕಪ್‌ನ ಲಾಗ್ ಜೊತೆ ಹೋಲಿಸಿ.

ವೇಗ 10–11 ಎಂಬಿಗೇ ಅಂಟಿಕೊಂಡಿದ್ದರೆ ನೆಟ್‌ವರ್ಕ್ ಲಿಂಕ್ 100 ಎಂಬಿಪಿಎಸ್‌ಗೆ (ಸೆಕೆಂಡಿಗೆ 100 ಮೆಗಾಬಿಟ್, ಅಂದರೆ ಸುಮಾರು 12 ಎಂಬಿ) ಇಳಿದಿದೆಯೇ ನೋಡಿ. ಗಿಗಾಬಿಟ್‌ಗೆ (ಸೆಕೆಂಡಿಗೆ 1000 ಮೆಗಾಬಿಟ್) ಕೇಬಲ್‌ನ ಎಂಟೂ ತಂತಿ ಬೇಕು. ಮಲೆನಾಡಿನ ಥಂಡಿಗೆ ಒಂದು ಪಿನ್ ಕಿಲುಬು ಹಿಡಿದರೂ ಸಾಕು. ಕನೆಕ್ಟರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್ ಸಾಫ್ಟ್‌ವೇರ್ ಅನ್ನು ಎರಡೂ ದಿಕ್ಕಿನಲ್ಲಿ ಓಡಿಸಿ, 110 ಎಂಬಿ ಆಸುಪಾಸು ಬಂದರೆ ನೆಟ್‌ವರ್ಕ್ ಬಿಟ್ಟುಬಿಡಿ.

ಹೆಚ್ಚಿನವರು ನೋಡದೇ ಬಿಡುವುದು ಸರ್ವರ್‌ನ ಡಿಸ್ಕ್ ಬರೆಯುವ ವೇಗ. ಬ್ಯಾಕಪ್‌ನಲ್ಲಿ ಅದು ಓದುತ್ತದೆ, ರಿಸ್ಟೋರ್‌ನಲ್ಲಿ ಬರೆಯುತ್ತದೆ. ರೈಡ್ 5ರಲ್ಲಿ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಜೋಡಿಸುವ ವಿಧಾನ) ಒಂದು ಸಣ್ಣ ಬರಹಕ್ಕೆ ನಾಲ್ಕು ಕೆಲಸ: ಹಳೆಯ ಡೇಟಾ, ಹಳೆಯ ಪ್ಯಾರಿಟಿ (ಕಳೆದುಹೋದ ಡೇಟಾ ಮರಳಿ ಕಟ್ಟಲು ಇಟ್ಟ ಲೆಕ್ಕ) ಓದಬೇಕು, ಹೊಸ ಎರಡನ್ನೂ ಬರೆಯಬೇಕು. ಈ ಭಾರ ಹೊರುವುದು ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್‌ನ ಕ್ಯಾಶ್, ಅಂದರೆ ತಾತ್ಕಾಲಿಕ ಮೆಮೊರಿ. ಅದರ ಬ್ಯಾಟರಿ ಸತ್ತರೆ ಕಂಟ್ರೋಲರ್ ಸದ್ದಿಲ್ಲದೆ ರೈಟ್-ಬ್ಯಾಕ್‌ನಿಂದ (ಮೊದಲು ಕ್ಯಾಶ್‌ಗೆ ಬರೆದು ಆಮೇಲೆ ಡಿಸ್ಕ್‌ಗೆ) ರೈಟ್-ಥ್ರೂಗೆ (ಪ್ರತಿ ಬರಹಕ್ಕೂ ಡಿಸ್ಕ್ ಮುಗಿಸುವ ತನಕ ಕಾಯುವುದು) ಜಾರುತ್ತದೆ, ಬರೆಯುವ ವೇಗ ನೆಲಕಚ್ಚುತ್ತದೆ. ಓದುವ ವೇಗ ಹಾಗೇ ಇರುವುದರಿಂದ ಬ್ಯಾಕಪ್‌ನಲ್ಲಿ ಸುಳಿವೇ ಸಿಗದು. ಕಂಟ್ರೋಲರ್ ಯುಟಿಲಿಟಿಯಲ್ಲಿ ಬ್ಯಾಟರಿ ಸ್ಥಿತಿ, ಕ್ಯಾಶ್ ಪಾಲಿಸಿ ಎರಡನ್ನೂ ನೋಡಿ ಬ್ಯಾಟರಿ ಬದಲಿಸಿ. ಬ್ಯಾಟರಿಯಿಲ್ಲದೆ ರೈಟ್-ಬ್ಯಾಕ್ ಬಲವಂತ ಮಾಡುವ ಅಡ್ಡದಾರಿಯೂ ಇದೆ. ಜುಲೈ ತಿಂಗಳ ಕರೆಂಟು ನಂಬಿ ಅದನ್ನು ಮಾಡಲೇಬೇಡಿ, ಕ್ಯಾಶ್‌ನಲ್ಲಿದ್ದದ್ದು ಮಣ್ಣುಪಾಲು.

ವೇಗ ಅಳೆಯಲು ಫೈಲ್ ಕಾಪಿ ಮಾಡಿ ನೋಡಬೇಡಿ, ರ‍್ಯಾಮ್ ಮೋಸ ಮಾಡುತ್ತದೆ. ವಿಂಡೋಸ್‌ನಲ್ಲಿ ಡಿಸ್ಕ್‌ಸ್ಪಿಡ್, ಲಿನಕ್ಸ್‌ನಲ್ಲಿ ಫಿಯೊ, ಕ್ಯಾಶಿಂಗ್ ಆಫ್ ಮಾಡಿ ಹತ್ತು ನಿಮಿಷ ಓಡಿಸಿ. ಶುರುವಿನಲ್ಲಿ ಚುರುಕಾಗಿದ್ದು ಆಮೇಲೆ ಕುಸಿದರೆ ಎಸ್‌ಎಂಆರ್ ಡಿಸ್ಕ್ (ಪಥಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುವಂಥದ್ದು) ಇರಬಹುದು. ಅಗ್ಗ ಅಂತ ಅದನ್ನು ಸರ್ವರ್‌ಗೆ ಹಾಕುವುದು ದಂಡ.

ಡಿಡ್ಯೂಪ್ ಮಾಡಿದ (ಒಂದೇ ಥರದ ತುಣುಕನ್ನು ಒಮ್ಮೆ ಮಾತ್ರ ಇಟ್ಟ) ಬ್ಯಾಕಪ್‌ನ ತುಣುಕುಗಳು ಡಿಸ್ಕ್ ತುಂಬ ಚದುರಿರುತ್ತವೆ, ಜೋಡಿಸಿ ಓದಲು ಹೊತ್ತು ಹಿಡಿಯುತ್ತದೆ. ಇತ್ತೀಚಿನ ಒಂದು ಫುಲ್ ಪ್ರತಿಯನ್ನು ಡಿಡ್ಯೂಪ್ ಇಲ್ಲದೆ ಇಡಿ. ಆ್ಯಂಟಿವೈರಸ್‌ನಿಂದ ರಿಸ್ಟೋರ್ ಫೋಲ್ಡರ್ ಅನ್ನು ಹೊರಗಿಡಿ, ಮುಗಿದ ಮೇಲೆ ವಾಪಸ್ ಸೇರಿಸಿ.

ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್) ರಿಸ್ಟೋರ್ ಶೂನ್ಯ ಶೇಕಡದಲ್ಲೇ ನಿಂತಿದ್ದರೆ ಗಾಬರಿ ಬೇಡ, ಫೈಲ್‌ಗೆ ಸೊನ್ನೆ ತುಂಬುತ್ತಿರುತ್ತದೆ. ಸರ್ವಿಸ್ ಅಕೌಂಟ್‌ಗೆ (ಆ ಡೇಟಾಬೇಸ್ ಓಡುವ ವಿಂಡೋಸ್ ಖಾತೆ) ‘ಪರ್ಫಾರ್ಮ್ ವಾಲ್ಯೂಮ್ ಮೇಂಟೆನೆನ್ಸ್ ಟಾಸ್ಕ್ಸ್’ ಹಕ್ಕು ಕೊಟ್ಟು ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಡೇಟಾ ಫೈಲ್‌ಗೆ ಆ ಕಾಯುವಿಕೆ ತಪ್ಪುತ್ತದೆ. ಲಾಗ್ ಫೈಲ್ (ಡೇಟಾಬೇಸ್‌ನ ಬದಲಾವಣೆಗಳ ದಾಖಲೆ) ದೊಡ್ಡದಿದ್ದರೆ ಅದಕ್ಕೆ ಮಾತ್ರ ಕಾಯಲೇಬೇಕು.