12 ವೋಲ್ಟ್ ದೀಪ: ಉಳಿತಾಯ ಕೈತಪ್ಪುವುದು ವೈರ್‌ನಲ್ಲಿ

ಫಾಲ್ಸ್ ಸೀಲಿಂಗ್‌ನ ಅಂಚಿಗೆ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ಹಾಕಿಸುವವರಲ್ಲಿ ಹೆಚ್ಚಿನವರು ವೋಲ್ಟೇಜ್ ಕಡಿಮೆಯಾದರೆ ಬಿಲ್ಲೂ ಕಡಿಮೆ ಎಂದು ನಂಬಿರುತ್ತಾರೆ. ಆದರೆ ಬಿಲ್ಲು ಬರುವುದು ಎಷ್ಟು ವ್ಯಾಟ್, ಎಷ್ಟು ಗಂಟೆ ಉರಿಯಿತು ಎಂಬುದರ ಮೇಲೆ. ಸೀಲಿಂಗಿನ ಹಳೆಯ ಹ್ಯಾಲೊಜೆನ್ ದೀಪಗಳಲ್ಲಿ ಹಲವು 12 ವೋಲ್ಟಿನವೇ. 50 ವ್ಯಾಟಿನ ಆರು ದೀಪ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 45 ಯೂನಿಟ್. ಇನ್ನೂ ಉಳಿದಿದ್ದರೆ ಮೊದಲು ಅವನ್ನು ತೆಗೆಸಿ. ಅವುಗಳ ಟ್ರಾನ್ಸ್‌ಫಾರ್ಮರ್‌ಗೇ ಎಲ್‌ಇಡಿ ಸಿಕ್ಕಿಸುವ ಅಡ್ಡದಾರಿ ಬೇಡ. ಹಲವು ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್‌ಗಳು ಅಷ್ಟು ಸಣ್ಣ ಲೋಡ್‌ಗೆ ಸರಿಯಾಗಿ ಕೆಲಸ ಮಾಡುವುದಿಲ್ಲ, ದೀಪ ಮಿಣುಕುತ್ತದೆ.

ಗೋಡೆ ಅಳೆಯಿರಿ. ಮೀಟರಿಗೆ 12 ವ್ಯಾಟಿನ ಸ್ಟ್ರಿಪ್ ಐದು ಮೀಟರ್ ಬೇಕೆಂದರೆ 60 ವ್ಯಾಟ್. ಅದಕ್ಕೆ 75 ವ್ಯಾಟಿನ ಡ್ರೈವರ್ (ಮನೆಯ 230 ವೋಲ್ಟನ್ನು 12 ವೋಲ್ಟಿಗೆ ಇಳಿಸಿ ಸ್ಟ್ರಿಪ್‌ಗೆ ಕೊಡುವ ಪೆಟ್ಟಿಗೆ) ಕೊಳ್ಳಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇಲ್ಲದ ಡ್ರೈವರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ, ಎಷ್ಟೇ ಅಗ್ಗವಾಗಿರಲಿ.

ಇನ್ನು ವೈರ್. ಕೆಲಸ ಕೆಡುವುದು ಇಲ್ಲಿಯೇ. 60 ವ್ಯಾಟಿಗೆ 230 ವೋಲ್ಟಿನಲ್ಲಿ ಹರಿಯುವುದು ಸುಮಾರು ಕಾಲು ಆಂಪಿಯರ್. 12 ವೋಲ್ಟಿನಲ್ಲಿ 5 ಆಂಪಿಯರ್. ಕರೆಂಟ್ ಎರಡರಷ್ಟಾದರೆ ವೈರ್‌ನಲ್ಲಿ ಶಾಖವಾಗಿ ಹೋಗುವ ವಿದ್ಯುತ್ ನಾಲ್ಕರಷ್ಟಾಗುತ್ತದೆ. ಡ್ರೈವರನ್ನು ಸ್ವಿಚ್ ಬೋರ್ಡಿನ ಬಳಿ ಇಟ್ಟು, ಎಂಟು ಮೀಟರ್ ದೂರದ ಸ್ಟ್ರಿಪ್‌ಗೆ 0.75 ಚದರ ಮಿಲಿಮೀಟರಿನ ವೈರ್ ಎಳೆದಿದ್ದಾರೆ ಎನ್ನಿ. ಹೋಗಿ ಬರುವ ದಾರಿ 16 ಮೀಟರ್. 5 ಆಂಪಿಯರ್ ಹರಿದರೆ ಸುಮಾರು 2 ವೋಲ್ಟ್ ಅಲ್ಲೇ ಕಳೆಯುತ್ತದೆ, ಅಂದರೆ 10 ವ್ಯಾಟ್ ನಷ್ಟ. ಸ್ಟ್ರಿಪ್‌ಗೆ ಸಿಗುವುದು ಬರೀ 10 ವೋಲ್ಟ್, ಬೆಳಕು ಮಂಕು. ‘ಮಾಲೇ ಸರಿಯಿಲ್ಲ’ ಎಂದು ಮತ್ತೊಂದು ಸ್ಟ್ರಿಪ್ ಸೇರಿಸುತ್ತಾರೆ, ಕರೆಂಟ್ ಇನ್ನೂ ಏರುತ್ತದೆ.

ಆದ್ದರಿಂದ ಉದ್ದನೆಯ ದಾರಿ 230 ವೋಲ್ಟಿನದಾಗಲಿ, ಡ್ರೈವರ್ ಸ್ಟ್ರಿಪ್‌ನ ಪಕ್ಕದಲ್ಲೇ ಇರಲಿ. ಅದಕ್ಕೆ ಗಾಳಿಯಾಡಬೇಕು, ಕೈಗೆಟುಕುವ ಕಿಂಡಿಯೂ ಬೇಕು. ದೂರ ತಪ್ಪದಿದ್ದರೆ ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರನ್ನೇ ಹಾಕಿಸಿ. ಸ್ಟ್ರಿಪ್‌ನ ತಾಮ್ರದ ಪಟ್ಟಿಯೂ ತೆಳುವೇ. ಹೀಗಾಗಿ ಸ್ಟ್ರಿಪ್‌ನ ಒಂದು ರೀಲಿನ ಬಾಲಕ್ಕೆ ಇನ್ನೊಂದನ್ನು ಅಂಟಿಸಬೇಡಿ. ಪ್ರತಿ ರೀಲಿಗೂ ಡ್ರೈವರ್‌ನಿಂದ ಬೇರೆ ಜೋಡಿ ವೈರ್ ಬರಲಿ. ಸ್ಟ್ರಿಪ್ ಕತ್ತರಿಸುವುದು ಅದರ ಮೇಲಿರುವ ಗುರುತಿನಲ್ಲಿ ಮಾತ್ರ. ವೈರ್ ಜೋಡಿಸುವ ಪ್ಲಾಸ್ಟಿಕ್ ಕ್ಲಿಪ್ಪು ಕಾಲಕ್ರಮೇಣ ಸಡಿಲವಾಗಬಹುದು, ಬೆಸುಗೆಯೇ ಸರಿ.

ಹೊಸ ಮನೆಯಾದರೆ 24 ವೋಲ್ಟಿನ ಸ್ಟ್ರಿಪ್‌ ಬಿಟ್ಟು ಬೇರೆ ಯೋಚನೆಯೇ ಬೇಡ. ಅಷ್ಟೇ ವ್ಯಾಟಿಗೆ ಕರೆಂಟ್ ಅರ್ಧ, ವೈರ್‌ನ ನಷ್ಟ ಕಾಲು ಭಾಗ.

ಸ್ವಿಚ್ 230 ವೋಲ್ಟಿನ ಬದಿಗಿರಲಿ. ಇಲ್ಲವಾದರೆ ದೀಪ ಆರಿದ ಮೇಲೂ ಡ್ರೈವರ್ ಹಗಲಿರುಳು ಒಂದಿಷ್ಟು ವಿದ್ಯುತ್ ಕುಡಿಯುತ್ತಲೇ ಇರುತ್ತದೆ.

ಪಿಒಪಿಯವರು (ಸೀಲಿಂಗಿನ ಪ್ಲಾಸ್ಟರ್ ಕೆಲಸದವರು) ಅಂಚು ಮುಚ್ಚುವ ಮೊದಲು ದೀಪ ಹೊತ್ತಿಸಿ, ವೈರ್ ಸ್ಟ್ರಿಪ್‌ಗೆ ಸೇರುವ ಕಡೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. 12 ವೋಲ್ಟಿನ ಸ್ಟ್ರಿಪ್‌ನಲ್ಲಿ 11.5ಕ್ಕಿಂತ ಕಡಿಮೆ ತೋರಿಸಿದರೆ ವೈರ್ ಬದಲಾಗುವ ತನಕ ಮುಚ್ಚಲು ಬಿಡಬೇಡಿ.